ಮುಳುಗಡೆಯ ಒರಳು

ಮೇ ಕೊನೆಯ ವಾರ, ಮಧ್ಯಾಹ್ನ ಮೂರೂವರೆ. ಶರಾವತಿ ಹಿನ್ನೀರು ದೂರಕ್ಕೆ ಸರಿದಿದೆ. ಒಣಗಿ ಬಿರಿದ ಕೆಸರು ಕಾಲಡಿ ಹಪ್ಪಳದ ಹಾಗೆ ಮುರಿಯುತ್ತದೆ. ಸುತ್ತ ಕಪ್ಪು ಬೊಡ್ಡೆಗಳು. 1964ರಲ್ಲಿ ಲಿಂಗನಮಕ್ಕಿಯ ನೀರು ಮುಳುಗಿಸಿದ ಮರಗಳು ಇನ್ನೂ ಪೂರ್ತಿ ಕೊಳೆತಿಲ್ಲ. ಅತ್ತ ಮಡೆನೂರಿನ ಹಳೇ ಅಣೆಕಟ್ಟೆಯ ಸೈಫನ್‌ಗಳು ನೀರಿಂದ ತಲೆ ಎತ್ತಿವೆ. ಜೋಗದ ಮೊದಲ ವಿದ್ಯುದಾಗರಕ್ಕೆ ನೀರು ಕೊಟ್ಟ ಅಣೆಕಟ್ಟೆ ಅದು. ದೊಡ್ಡದು ಬಂದು ಚಿಕ್ಕದನ್ನು ನುಂಗಿತು.

ಮುಂದೆ ಓಡಿದ ಜೀಪಿನ ಹುಡುಗ ಕೂಗುತ್ತಾನೆ: "ಸರ್, ಇಲ್ಲೊಂದು ಒರಳು!"

ಅರ್ಧ ಹೂತಿದೆ. ಕುಳಿಯ ಕೆಸರು ಬಳಿದು ತೆಗೆದರೆ ಒಳಗೆ ಕಲ್ಲು ನುಣುಪು, ಬೆರಳು ಜಾರುತ್ತದೆ. ಬಾಯಿಯ ಒಂದು ಬದಿ ಹೆಚ್ಚು ಸವೆದಿದೆ. ರುಬ್ಬುತ್ತಿದ್ದಾಕೆ ದಿನಾ ಅಲ್ಲೇ ಕೂರುತ್ತಿದ್ದಳೇನೋ. ಗುಂಡುಕಲ್ಲು ಕಾಣುವುದಿಲ್ಲ.

"ಅರವತ್ತು ವರ್ಷ ನೀರಲ್ಲಿ ಬಿದ್ದಿದ್ದು ಸರ್, ಯಾರದ್ದೂ ಅಲ್ಲ. ಜೀಪಿಗೆ ಹಾಕ್ಲಾ?"

ನನಗೂ ಆಸೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಅಂಗಳದಲ್ಲಿಟ್ಟು ನೀರು ತುಂಬಿಸಿ ನಾಲ್ಕು ದಾಸವಾಳ ತೇಲಿಬಿಟ್ಟರೆ ಎಷ್ಟು ಚಂದ! ಹೋಂಸ್ಟೇಗಳ ಬಾಗಿಲಲ್ಲಿ ಇಂಥವನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿಲ್ಲ.

1860ರ ದಂಡಸಂಹಿತೆಯ 403ನೇ ಕಲಮಿನಲ್ಲಿ ಒಂದು ಉದಾಹರಣೆ ಇತ್ತು. ರಸ್ತೆಯಲ್ಲಿ ಬಿದ್ದ ಒಂದು ರೂಪಾಯಿಯನ್ನು ಯಾರದೆಂದು ಗೊತ್ತಿಲ್ಲದೆ ಎತ್ತಿಕೊಂಡರೆ ತಪ್ಪಿಲ್ಲ. ಆದರೆ ಒಡೆಯರನ್ನು ಪತ್ತೆ ಮಾಡುವ ದಾರಿಯಿದ್ದೂ ಹುಡುಕದೆ ಸಿಕ್ಕಿದ್ದನ್ನು ತನ್ನದಾಗಿಸಿಕೊಂಡರೆ ಅಪರಾಧ. 2024ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯ 314ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ನನ್ನ ಪಾಲಿಗೆ ಆ ದಾರಿ ಹತ್ತು ಮಾರು ಹಿಂದೆ ಕೋಲೂರಿಕೊಂಡು ಬರುತ್ತಿದೆ.

ಅಜ್ಜ ಬಂದು ನಿಂತು ಸುತ್ತ ನೋಡುತ್ತಾರೆ. ಕೋಲಿನಿಂದ ಕೆಸರ ಮೇಲೆ ಗೆರೆ ಎಳೆಯುತ್ತಾರೆ.

"ಇದು ಜಗಲಿ. ಅಲ್ಲಿ ಕೊಟ್ಟಿಗೆ. ನಮ್ಮನೆ ಆ ದಿಬ್ಬದ ಆಚೆ. ಇದು ದೊಡ್ಡಮನೆಯವರದ್ದು."

"ಒರಳು ಯಾಕೆ ಬಿಟ್ಟು ಹೋದ್ರು ಅಜ್ಜ?" ಹುಡುಗ ಕೇಳುತ್ತಾನೆ.

"ಬಿಟ್ಟು ಹೋಗೂದಾ? ಲಾರಿಗೆ ಏನೇನು ಹೇರ್ತೀಯ ತಮಾ? ತೊಲೆ, ಬಾಗಿಲು, ಹೆಂಚು, ಬಾಣಂತಿ ಬೇರೆ. ನೀರು ಅಂಗಳಕ್ಕೆ ಬಂದಿತ್ತು."

ಲಾರಿ ಅವರನ್ನು ಇಳಿಸಿದ್ದು ಕಾಡಿನಲ್ಲಿ. ಮುಳುಗಡೆಯವರಲ್ಲಿ ಹಲವರಿಗೆ ಆ ನೆಲದ ಹಕ್ಕುಪತ್ರ ಇವತ್ತಿಗೂ ಸಿಕ್ಕಿಲ್ಲ. ನಾಡಿಗೆ ಕರೆಂಟು ಕೊಡಲು ಮನೆ ಬಿಟ್ಟವರು ಅರಣ್ಯ ಇಲಾಖೆಯ ಕಡತದಲ್ಲಿ ಒತ್ತುವರಿದಾರರು. ಅವರ ಒರಳನ್ನು ಹೊತ್ತೊಯ್ಯಲು ಬಂದ ನಾನು ಪ್ರವಾಸಿ!

ಹುಡುಗ ಒರಳಿನಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ.

ದೊಡ್ಡಮನೆಯ ಮೊಮ್ಮಗನ ನಂಬರ್ ಅಜ್ಜನ ಹತ್ತಿರವಿದೆ, ಇಲ್ಲಿ ಸಿಗ್ನಲ್ ಇಲ್ಲ. ದಿಬ್ಬ ಹತ್ತಿ, ಜೀಪಿನ ಬಾನೆಟ್ ಮೇಲೆ ನಿಂತು ಹುಡುಗನೇ ಫೋನ್ ಹಚ್ಚುತ್ತಾನೆ. ಸ್ಪೀಕರಿನಲ್ಲಿ ಗಂಡಸಿನ ದನಿ, ಆಮೇಲೆ ಫೋನು ಒಬ್ಬ ಮುದುಕಿಯ ಕೈಗೆ ಹೋಗುತ್ತದೆ.

"ಬಾಯಿ ಒಂದು ಬದಿ ಸವೆದದಾ?"

"ಹೌದಮ್ಮ."

"ಗುಂಡುಕಲ್ಲು ನಮ್ಮನೇಲಿ ಅದೆ. ಭಾನುವಾರ ಮಕ್ಕಳನ್ನ ಕಳಿಸ್ತೆ. ಅಲ್ಲೀವರೆಗೆ ಅಲ್ಲೇ ಇರ್ಲಿ."

ಹಿನ್ನೀರಿನಾಚೆ ಮೋಡ ಕಟ್ಟುತ್ತಿದೆ. ಭಾನುವಾರಕ್ಕೆ ಇನ್ನು ನಾಲ್ಕು ದಿನ.