ಮುಳುಗಿದ ಹಡಗಿನ ಮೇಲೊಂದು ಹಗಲು

ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ವಿಟ್ಬಿ, ಕ್ಯಾಪ್ಟನ್ ಕುಕ್ ನಾವಿಕವಿದ್ಯೆ ಕಲಿತ ಊರು. ಬೆಳಗಿನ ಚಳಿಯಲ್ಲಿ ನಮ್ಮ ಪುಟ್ಟ ದೋಣಿ ಬಂದರನ್ನು ದಾಟುತ್ತಲೇ ಅದರ ಯಜಮಾನನು ಬಲಗಡೆಯ ಬಂಡೆಗಳನ್ನು ತೋರಿಸಿದನು. 1914ರ ಅಕ್ಟೋಬರ್ 30ರಂದು ‘ರೋಹಿಲ್ಲಾ’ ಎಂಬ ಆಸ್ಪತ್ರೆ ಹಡಗು ಬಿರುಗಾಳಿಗೆ ಸಿಕ್ಕಿ ಅಲ್ಲಿ ಒಡೆಯಿತು. ದಡ ಕಣ್ಣಳತೆಯಲ್ಲಿದ್ದರೂ ಎಂಬತ್ತಕ್ಕೂ ಹೆಚ್ಚು ಜನ ಮಡಿದರು. ನಮ್ಮ ಉತ್ತರ ಹಿಂದೂಸ್ಥಾನದ ಹೆಸರನ್ನು ಆ ಕಡಲಿನಲ್ಲಿ ಕೇಳಿ ಮನಸ್ಸು ಮ್ಲಾನವಾಯಿತು.

ನಾವು ಹೊರಟದ್ದು ಇನ್ನೂ ದೂರಕ್ಕೆ, ಮೊದಲ ಮಹಾಯುದ್ಧದಲ್ಲಿ ಮುಳುಗಿದ ಮತ್ತೊಂದು ಹಡಗಿನ ನೆಲೆಗೆ. ಬಯಲಾದ ಕಡಲ ತಳದಲ್ಲಿ ಮೀನಿಗೆ ಮರೆಯೆಲ್ಲಿ? ತುಕ್ಕು ಹಿಡಿದ ಉಕ್ಕಿನ ಸಂದುಗೊಂದಿಗಳೇ ಕಾಡ್ ಮೀನಿನ ಮನೆ. ದೋಣಿಯನ್ನು ಸೆಳವಿನೊಡನೆ ತೇಲಬಿಟ್ಟು, ಸೀಸದ ಗುಂಡು ತಳ ಮುಟ್ಟಿದೊಡನೆ ತುಸು ಮೇಲೆತ್ತಬೇಕು. ತಡಮಾಡಿದರೆ ಹಡಗೇ ಗಾಳವನ್ನು ನುಂಗುತ್ತದೆ. ನಾನು ಎರಡನ್ನು ಕಳೆದುಕೊಂಡೆ.

ಮಧ್ಯಾಹ್ನ ನನಗೂ ಒಂದು ಮೀನು ಸಿಕ್ಕಿತು. ಗಲ್ಲದ ಕೆಳಗೆ ಒಂದೇ ಎಳೆಯ ಗಡ್ಡ. ಪಕ್ಕದಲ್ಲಿ ಬಿಳಿಯ ಗೆರೆ. ಯಜಮಾನನು ಅಳೆದು ನೋಡಿದನು. 35 ಸೆಂಟಿಮೀಟರಿಗೆ ಕಡಿಮೆ! ಕಾನೂನಿನಂತೆ ನೀರಿಗೆ ಬಿಟ್ಟೆವು. ಅದು ಕ್ಷಣಕಾಲ ತೇಲಿ, ಬಾಲ ಬಡಿದು ಮರೆಯಾಯಿತು.

“ನನ್ನ ತಂದೆಯ ಕಾಲದಲ್ಲಿ ಅಳೆಯುವ ಪ್ರಮೇಯವೇ ಇರಲಿಲ್ಲ,” ಎಂದನು ಆತ. ಮಿತಿಮೀರಿದ ಬೇಟೆಯಿಂದಲೂ ನೀರಿನ ಶಾಖ ಏರಿದ್ದರಿಂದಲೂ ಉತ್ತರ ಸಮುದ್ರದ ಕಾಡ್ ಸಂತತಿ ಕ್ಷೀಣಿಸಿದೆ.

ಮನುಷ್ಯನು ಮುಳುಗಿಸಿದ ಹಡಗು ಮೀನಿಗೆ ಆಸರೆಯಾಯಿತು. ಆ ಆಸರೆಯನ್ನೂ ಅರಸಿ ಬಂದವರು ನಾವು! ಬರಿಗೈಯಲ್ಲಿ ಹಿಂದಿರುಗಿದುದು ನನಗೆ ನಷ್ಟವೆನಿಸಲಿಲ್ಲ.