ಮುಂಜಾವಿನ ಮೌನ

ಬೆಳಕು ಹರಿಯುವುದಕ್ಕೆ ಮುಂಚಿನ ಹೊತ್ತು ಬಲು ಚಿಕ್ಕದು; ಆದರೆ ದಿನದ ನಡೆ ಎಂತಿರಬೇಕೆಂಬುದನ್ನು ಗೊತ್ತುಮಾಡುವುದು ಅದೇ. ಬಾಗಲಕೋಟೆ ಜಿಲ್ಲೆಯ ಹುನಗುಂದ, ಇಳಕಲ್ಲ ಸೀಮೆಯಲ್ಲಿ ಈ ಮಾತಿನ ನಿಜವನ್ನು ಕಾಣಬಹುದು.

ಇಳಕಲ್ಲು ಸೀರೆಗೆ ಹೆಸರಾದ ಊರು. ಅಲ್ಲಿ ಮಗ್ಗದ ಸದ್ದಿಗೆ ಮೊದಲು ಮೌನವಿರುತ್ತದೆ. ಶರಣರ ಆಚಾರವನ್ನು ಪಾಲಿಸುವ ಮನೆಗಳಲ್ಲಿ ಹಿರಿಯರು ಮಿಂದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿ ನೆಟ್ಟು ಕುಳಿತುಕೊಳ್ಳುತ್ತಾರೆ. ಅದಕ್ಕೆ ಪೂಜಾರಿ ಬೇಕಿಲ್ಲ, ಗಂಟೆ ಜಾಗಟೆಗಳು ಬೇಕಿಲ್ಲ. ಮಸೀದಿಯಲ್ಲಿ ಬೆಳಗಿನ ನಮಾಜು ನಡೆಯುವುದೂ ಸೂರ್ಯೋದಯಕ್ಕೆ ಮುನ್ನವೇ. ದಾರಿಗಳು ಬೇರೆ, ಆರಿಸಿಕೊಂಡ ಹೊತ್ತು ಒಂದೇ.

ಇಲ್ಲಿ ಒಂದು ಸಂದೇಹ ಏಳಬಹುದು. ಕಾಯಕದಲ್ಲಿ ಮುಳುಗಿದವನು ಲಿಂಗಪೂಜೆಯನ್ನು ಮರೆತರೂ ಸಲ್ಲುತ್ತದೆಂದು 12ನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು ಸಾರಿದನು. ಹಾಗಾದರೆ ನೇಯುವವನು ನಸುಕಿನಲ್ಲಿಯೇ ಮಗ್ಗಕ್ಕಿಳಿಯದೆ ಸುಮ್ಮನೆ ಕೂಡುವುದೇಕೆ?

ಉತ್ತರವು ಮಗ್ಗದಲ್ಲಿಯೇ ಇದೆ. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಗಮನ ಅತ್ತಿತ್ತಾದರೆ ಎಳೆ ತಪ್ಪುತ್ತದೆ. ಮಾರಯ್ಯನ ಮಾತು ಕಾಯಕದಲ್ಲಿ ಮುಳುಗಬಲ್ಲವನಿಗೆ ಸಲ್ಲುವಂಥದು. ಮುಳುಗುವ ಶಕ್ತಿ ತಾನಾಗಿ ಬರುವುದಿಲ್ಲ. ಒಂದು ಗಳಿಗೆ ಅಂಗೈಯ ಮೇಲೆ ನಿಂತ ಕಣ್ಣು ಮುಂದೆ ಎಳೆಯ ಮೇಲೆಯೂ ನಿಲ್ಲುತ್ತದೆ.

ಈ ನಿಯಮದ ಬೆಲೆ ಕಸುಬಿಗಷ್ಟೇ ಸೀಮಿತವಲ್ಲ. ಇಳಕಲ್ಲ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. 2018ರಲ್ಲಿ ಅವರು ಲಿಂಗೈಕ್ಯರಾದರೂ ‘ಮಹಾಂತ ಜೋಳಿಗೆ’ಯ ಹೆಸರು ಉಳಿದಿದೆ. ಚಟವನ್ನು ಜೋಳಿಗೆಗೆ ಹಾಕುವುದು ಒಂದು ಕ್ಷಣದ ಕೆಲಸ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಬಾಳಿನುದ್ದದ ಕೆಲಸ. ಮರುದಿನ ಎದ್ದೊಡನೆ ಕೈ ಹಳೆಯ ತಂಬಾಕಿನ ಚೀಲವನ್ನು ಹುಡುಕುತ್ತದೆ. ಆ ಹೊತ್ತಿಗೆ ಕೈಗೂ ಮನಸ್ಸಿಗೂ ಬೇರೊಂದು ನಿಯಮವಿದ್ದರೆ ಮನುಷ್ಯನಿಗೆ ಆಸರೆ ದೊರೆಯುತ್ತದೆ. ಇಲ್ಲವಾದರೆ ಮಾತು ಮುರಿಯಲು ಒಂದೇ ಬೆಳಗು ಸಾಕು.

ಓದುವ ಮಕ್ಕಳಿಗೂ ಇದು ಹೊರತಲ್ಲ. ಪುಸ್ತಕ ತೆರೆಯುವ ಮುನ್ನ ತಮಗೆ ಒಪ್ಪಿದ ಪ್ರಾರ್ಥನೆಯಲ್ಲಿಯೋ ಬರಿಯ ಮೌನದಲ್ಲಿಯೋ ಐದು ನಿಮಿಷ ಕುಳಿತರೆ ಹೊತ್ತು ಹಾಳಾಗುವುದಿಲ್ಲ. ಆ ಮೌನದ ಫಲ ಕುಳಿತಲ್ಲಿ ಕಾಣದು. ಹಗಲಿನ ದುಡಿಮೆಯಲ್ಲಿ, ಆಸೆ ಕರೆದಾಗ ತೋರುವ ಸಂಯಮದಲ್ಲಿ ಕಾಣುತ್ತದೆ.