ಅತ್ತೆಯ ಸೀಮೆ

ನಮ್ಮಜ್ಜಿಯ ಲೆಕ್ಕದಲ್ಲಿ ಬಾಗಲೂರು ಬೇರೆ ದೇಶ. ಹೆತ್ತ ಮಗಳನ್ನೇ ಅಲ್ಲಿಗೆ ಕೊಟ್ಟಿದ್ದರೂ ಆ ಮಾತು ಬದಲಾಗಲಿಲ್ಲ. "ಅವಳು ಕುಂಪಣಿ ಸೀಮೆಯೋಳು ಕಣಪ್ಪ. ನಮ್ ದೊರೆ ಬ್ಯಾರೆ, ಅವರ ದೊರೆ ಬ್ಯಾರೆ" ಅನ್ನುತ್ತಿದ್ದಳು. ನಮ್ಮೂರು ಪಿಲ್ಲಗುಂಪೆಯಿಂದ ಹೊಸಕೋಟೆ, ಅನುಗೊಂಡನಹಳ್ಳಿ, ಸರ್ಜಾಪುರ ದಾಟಿದರೆ ಬಾಗಲೂರು. ಎಲ್ಲ ಸೇರಿ 40 ಕಿಲೋಮೀಟರಿನ ಆಚೀಚೆ. ಅಷ್ಟಕ್ಕೆಲ್ಲ ದೇಶ ಬದಲಾಗುತ್ತದೆಯೇ ಎಂದು ನಾವು ಹುಡುಗರು ನಗುತ್ತಿದ್ದೆವು.

ಅಜ್ಜಿ ಹೇಳಿದ್ದು ಸುಳ್ಳಲ್ಲ ಎಂದು ತಿಳಿದದ್ದು ಬಹಳ ತಡವಾಗಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬಾಗಲೂರು ಸೇರಿದ ಹೊಸೂರು ಕಡೆಯ ನೆಲ ಕುಂಪಣಿಯ ಪಾಲಾಯಿತು, ಹೊಸಕೋಟೆ ಮೈಸೂರಿಗೆ ಉಳಿಯಿತು. ಅಜ್ಜಿ ಮದುವೆಯಾಗಿ ಬಂದಾಗ ಪಿಲ್ಲಗುಂಪೆ ಮಹಾರಾಜರದು, ಹೊಸೂರು ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯದು. ದೇಶದಲ್ಲಿ ಮೊದಲು ಪಾನನಿಷೇಧ ಬಂದ ಜಾಗಗಳಲ್ಲಿ ಈ ಸೇಲಂ ಜಿಲ್ಲೆಯೂ ಒಂದು, 1937ರ ಅಕ್ಟೋಬರ್ 1ರಂದು. ತಂದವರು ರಾಜಾಜಿ. ಅವರು ಹುಟ್ಟಿದ್ದೇ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ, ಅಂದರೆ ಬಾಯಿ ಕಟ್ಟುವ ಕೆಲಸವನ್ನು ಸ್ವಂತ ಊರಿನಿಂದಲೇ ಶುರುಮಾಡಿದರು ಅನ್ನಿ. ಆಗ ಆ ಕಡೆಯ ಗಂಡಸರು ಸಂಜೆಯಾದರೆ ಸಂಬಂಧಿಕರ ನೆಪ ಹೇಳಿ ಈ ಕಡೆಯ ಹೆಂಡದಂಗಡಿಗಳಿಗೆ ಬರುತ್ತಿದ್ದರಂತೆ. "ನಮ್ ಮನೆಗೆ ನೆಂಟರ ಮೇಲೆ ನೆಂಟರು" ಎಂದು ತಾತ ಕಣ್ಣು ಮಿಟುಕಿಸುತ್ತಿದ್ದರು. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗಲೂ ಹೊಸೂರು ಮದರಾಸಿನಲ್ಲೇ ಉಳಿಯಿತು. ಮನೆಯೊಳಗೆ ಕನ್ನಡ, ಜಗಲಿಯ ಮೇಲೆ ತೆಲುಗು, ಕಚೇರಿಯಲ್ಲಿ ತಮಿಳು: ಅಲ್ಲಿನವರು ಹೀಗೆ ಹೊಂದಿಕೊಂಡರು.

ನಾನು ಒಬ್ಬನೇ ಗಡಿ ದಾಟಿದ್ದು 1988ರ ಜನವರಿಯಲ್ಲಿ, ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ. ನನಗೆ ಹದಿನೈದು ವರ್ಷ. ಅತ್ತೆಗೆ ಅವರೆಕಾಯಿ ತಲುಪಿಸಿ ಸಂಜೆಯೊಳಗೆ ವಾಪಸು ಬರಬೇಕಿತ್ತು. ಬೆಳಗಿನ ಇಬ್ಬನಿಯಲ್ಲಿ ಕಿತ್ತ ಕಾಯಿ, ಅರ್ಧ ಗೋಣಿಚೀಲ. ಆ ಹೊತ್ತಿನ ಕಾಯಿಯ ಸೊಗಡು ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕೈಗೆ ಹತ್ತಿದ ಅದರ ಎಣ್ಣೆ ಸೋಪಿಗೂ ಬಗ್ಗುವುದಿಲ್ಲ. ಸರ್ಜಾಪುರದ ಬಸ್ಸಿನಲ್ಲಿ ನನ್ನ ಚೀಲ ಮೂಸಿ ಇಬ್ಬರು ಬೆಲೆ ಕೇಳಿದರು. ಕಂಡಕ್ಟರು ಚೀಲಕ್ಕೆ ಲಗೇಜು ಹಾಕುವ ಬದಲು ಎರಡು ಹಿಡಿ ಕಾಯಿ ತೆಗೆದು ಟವೆಲ್ಲಿಗೆ ಕಟ್ಟಿಕೊಂಡ.

ಸರ್ಜಾಪುರದಲ್ಲಿ ಬಸ್ಸು ಬದಲಿಸಿದೆ. ಗಡಿ ಎಂದರೆ ಬಂದೂಕು ಹಿಡಿದವರು, ಬೇಲಿ, ಬಾವುಟ ಏನೇನೋ ಇರುತ್ತದೆಂದು ಕಿಟಕಿಯಿಂದ ಇಣುಕುತ್ತ ಕೂತಿದ್ದೆ. ಇದ್ದದ್ದು ಒಂದು ಬಿದಿರಿನ ಗಳು, ತುದಿಗೆ ಭಾರಕ್ಕೆಂದು ಕಟ್ಟಿದ ಗುಂಡುಕಲ್ಲು, ಬೀಡಿ ಸೇದುತ್ತಿದ್ದ ಒಬ್ಬ ಪೇದೆ. ಆತ ಬಸ್ಸಿನತ್ತ ನೋಡಲೂ ಇಲ್ಲ, ಗಳು ಎತ್ತಿದ. ಆದರೆ ಅಲ್ಲಿಂದ ಸ್ವಲ್ಪ ಮುಂದೆ ಮೈಲಿಗಲ್ಲು ನೋಡಿದೆ. ಅಲ್ಲಿಯವರೆಗೆ ಕಲ್ಲುಗಳ ಮೇಲೆ ೫, ೪, ೩ ಎಂದು ಕನ್ನಡದ ಅಂಕಿಗಳಿದ್ದವು. ಈ ಕಲ್ಲಿನ ಮೇಲೆ ಊರಿನ ಹೆಸರು ಜಿಲೇಬಿ ಸುತ್ತಿದಂತೆ ಕಾಣುವ ಬೇರೆ ಲಿಪಿಯಲ್ಲಿತ್ತು. ಹೊಲ ಅದೇ ರಾಗಿ ಹೊಲ, ಕಟಾವಾದ ಕೂಳೆ, ಅದೇ ಕೆಮ್ಮಣ್ಣು. ಓದು ಬಲ್ಲ ನಾನು ಕ್ಷಣದಲ್ಲಿ ಅನಕ್ಷರಸ್ಥನಾಗಿದ್ದೆ. ಮೈ ಜುಮ್ಮೆಂದಿತು. ಆಮೇಲೆ ವಿಮಾನದಲ್ಲಿ ಹೋದ ದೂರದ ಊರುಗಳಲ್ಲೂ ಆ ಜುಮ್ಮು ಮರಳಿ ಸಿಕ್ಕಿಲ್ಲ.

ಅಲ್ಲಿನ ಮುಖ್ಯಮಂತ್ರಿ ಎಂಜಿಆರ್ ತೀರಿಕೊಂಡು ಮೂರು ವಾರವೂ ಆಗಿರಲಿಲ್ಲ. ಕಂಬಕಂಬಕ್ಕೂ ಟೋಪಿ, ಕಪ್ಪು ಕನ್ನಡಕದ ಚಿತ್ರ, ಒಣಗಿದ ಹಾರ. ಅತ್ತೆಯ ಮೈದುನ ತಲೆ ಬೋಳಿಸಿಕೊಂಡಿದ್ದರು. ಅವರ ಮನೆಯ ಗೋಡೆಯಲ್ಲಿ ಮಾತ್ರ ರಾಜ್‌ಕುಮಾರ್ ಕ್ಯಾಲೆಂಡರು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ನಿಮ್ ರಾಜಣ್ಣನೂ ನಮ್ಮೋರೇ ಕಣಯ್ಯ, ಗಾಜನೂರು ನಮ್ ರಾಜ್ಯದಲ್ಲೈತೆ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

"ಏನ್ ಅಳಿಯಾ, ಒಬ್ನೇ ಬಂದ್ಬಿಟ್ಯಾ?" ಎಂದು ಅತ್ತೆ ಚೀಲಕ್ಕಿಂತ ಮೊದಲು ನನ್ನ ಕೈ ಹಿಡಿದು ಮೂಸಿದರು. ತವರಿನ ವಾಸನೆ ಅಲ್ಲಿತ್ತು. ಮಧ್ಯಾಹ್ನಕ್ಕೆ ಹಿತಕಿದಬೇಳೆ ಸಾರು ಎಂದು ಬೇಳೆ ಹಿತಕಲು ಕೂತರು. ಅಷ್ಟರಲ್ಲಿ ಸಕ್ಕರೆ ತರಲೆಂದು ರೇಷನ್ ಕಾರ್ಡು ತೆಗೆದರು. ಪೂರ್ತಿ ತಮಿಳು. ಅತ್ತೆ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವರು, ತಮಿಳಿನ ಒಂದಕ್ಷರ ಬಾರದು. ಆದರೂ ಲೆಕ್ಕ ತಪ್ಪುತ್ತಿರಲಿಲ್ಲ. ಸಕ್ಕರೆಯ ಸಾಲಿನ ತುದಿಗೆ ಅರಿಶಿನದ ಬೊಟ್ಟು, ಸೀಮೆಎಣ್ಣೆಯ ಸಾಲಿಗೆ ಕಾಡಿಗೆಯ ಬೊಟ್ಟು, ಅಕ್ಕಿಗೆ ಸುಣ್ಣ. ಆ ಸರ್ಕಾರಿ ಕಾಗದ ದೇವರ ಮನೆಯ ಹೊಸ್ತಿಲಿನ ಹಾಗೆ ಕಾಣುತ್ತಿತ್ತು.

ಅಂಗಡಿಯಲ್ಲಿ ಇನ್ನೊಂದು ಸೋಜಿಗ. ಹಲಗೆಯ ಮೇಲೆ ಮೂರು ಲಿಪಿ. ಅಂಗಡಿಯಾತ ತೆಲುಗಿನಲ್ಲಿ ಏನು ಬೇಕೆಂದು ಕೇಳಿದ, ತಮಿಳಿನಲ್ಲಿ ಕೆಲಸದ ಹುಡುಗನನ್ನು ಬೈದ, ಚಿಲ್ಲರೆ ಎಣಿಸುವಾಗ ಮಾತ್ರ ತುಟಿಯೊಳಗೆ "ಎಂಟೂವರೆ, ಒಂಬತ್ತು, ಹತ್ತು" ಅಂದ. ಎಣಿಕೆ ಕನ್ನಡದ್ದು! ಮನುಷ್ಯನ ನಿಜವಾದ ಭಾಷೆ ಯಾವುದೆಂದು ತಿಳಿಯಲು ಅವನ ಕೈಯಲ್ಲಿ ದುಡ್ಡಿರಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ದಾರಿಯ ಶಾಲೆಯಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಶಾಲೆಯಲ್ಲಿ ಊಟ! 1982ರಲ್ಲಿ ಎಂಜಿಆರ್ ಶುರುಮಾಡಿದ ಯೋಜನೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟ ಶುರುವಾಗಲು 2002 ಆಗಬೇಕಾಯಿತು. ಊರಿಗೆ ಬಂದು ಇದನ್ನು ಹೇಳಿದಾಗ ಜೊತೆಯ ಹುಡುಗರು ನಂಬಲಿಲ್ಲ. ಹೊರದೇಶಕ್ಕೆ ಹೋಗಿ ಬಂದವನ ಮಾತನ್ನು ಯಾರು ನಂಬುತ್ತಾರೆ? ಸಂಜೆಯ ಬಸ್ಸಿಗೆ ಅತ್ತೆ ಕೊಟ್ಟ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಕೂತೆ. ಊರೆಲ್ಲ ಪೊಂಗಲ್ ಮಾಡುವಾಗ ಆ ಒಂದು ಮನೆಯಲ್ಲಿ ಎಳ್ಳು ಬೀರುತ್ತಿದ್ದರು.

ಆಮೇಲೆ ಏನೇನು ಹೋಯಿತು ಎಂದು ಹೇಳಲು ಹೆಚ್ಚು ಹೊತ್ತು ಬೇಡ. ಗಳು ಹೋಯಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಸರಕಿನ ತೆರಿಗೆಗೆಂದು ಗಡಿಯಲ್ಲಿ ಲಾರಿ ನಿಲ್ಲಿಸುವುದೂ ಹೋಯಿತು. ಪಿಲ್ಲಗುಂಪೆಯ ಹೊಲಗಳು ಕೈಗಾರಿಕಾ ಪ್ರದೇಶವಾದವು. ಅವರೆ ಕಿತ್ತ ಜಾಗದಲ್ಲಿ ಈಗ ಶೆಡ್ಡು, ಟ್ರಕ್ಕು, ಎತ್ತರದ ಕಾಂಪೌಂಡು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆಯಿಂದ ಬಿಡಿಭಾಗ ಹೊತ್ತ ಲಾರಿಗಳು ಹಗಲೂ ರಾತ್ರಿ ಬರುತ್ತವೆ. ಗಡಿ ಎಲ್ಲಿ ಎಂದು ಚಾಲಕನಿಗೂ ಗೊತ್ತಾಗುವುದಿಲ್ಲ.

ಸರಕಿಗೆ ಗಡಿ ತೆರೆದುಕೊಂಡಿತು, ನಾಲಗೆಗೆ ಮುಚ್ಚಿಕೊಂಡಿತು. 2006ರ ಕಾನೂನಿನಿಂದ ತಮಿಳುನಾಡಿನ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ತಮಿಳು ಕಡ್ಡಾಯವಾಯಿತು. ಆ ಮಕ್ಕಳು 2016ರಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಬಂದಾಗ ಕನ್ನಡ, ತೆಲುಗು ಮನೆಗಳವರು ಹೈಕೋರ್ಟಿಗೆ ಹೋಗಿ ವಿನಾಯಿತಿ ಕೇಳಬೇಕಾಯಿತು. ಬರೀ ಆ ಕಡೆಯ ಸರ್ಕಾರವನ್ನು ದೂರಿದರೆ ನನ್ನ ನಾಲಗೆಯೇ ಕಹಿಯಾಗುತ್ತದೆ. ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ತಮಿಳು ಕವಿ ತಿರುವಳ್ಳುವರ್ ಪ್ರತಿಮೆಗೆ ನಾವು 1991ರಿಂದ 2009ರವರೆಗೆ ಬಟ್ಟೆ ಸುತ್ತಿ ಇಟ್ಟವರು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯಾದಾಗ ಬಸ್ಸು ನಿಂತು, ಗಂಟುಮೂಟೆ ಹೊತ್ತ ಜನ ಅತ್ತಿಬೆಲೆಯಿಂದ ಹೊಸೂರಿಗೆ ನಡೆದೇ ಗಡಿ ದಾಟಿದರು. ಅದನ್ನು ಟೀವಿಯಲ್ಲಿ ನೋಡುವಾಗ ಅತ್ತೆ ಇರಲಿಲ್ಲ, ಸದ್ಯ.

ಕಳೆದ ಸಂಕ್ರಾಂತಿಗೆ ಅತ್ತೆಯ ಮೊಮ್ಮಗ ಕಾರು ತಂದು ನನ್ನನ್ನು ಕರೆದೊಯ್ದ. ಒಂದು ಗಂಟೆಯೂ ಹಿಡಿಯಲಿಲ್ಲ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನನ್ನ ತಮಿಳೂ ಹಾಗೆಯೇ. ನಾನು ಕನ್ನಡದಲ್ಲಿ ಕೇಳುವುದು, ಅವನು ತಮಿಳಿನಲ್ಲಿ ಹೇಳುವುದು. ರಸ್ತೆ ಅಗಲವಾಗುವಾಗ ಆ ಮೈಲಿಗಲ್ಲು ಹೋಗಿದೆ. ಮೂರು ಲಿಪಿಯ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಚಾರ್ಜರಿನ ಬೆಲೆ ಕನ್ನಡದಲ್ಲಿ ಕೇಳಿದೆ. ಕೌಂಟರಿನ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಹಿಂದಿಯಲ್ಲಿ ಹೇಳಿದ. ಬಾಕಿಯನ್ನು ಫೋನಿನಲ್ಲಿ ಕಳಿಸಿದ್ದರಿಂದ ಅವನು ಯಾವ ಭಾಷೆಯಲ್ಲಿ ಎಣಿಸುತ್ತಾನೆಂದು ತಿಳಿಯಲಿಲ್ಲ.

ಬರುವಾಗ ಕೆಲವರಪಳ್ಳಿ ಅಣೆಕಟ್ಟು ನೋಡೋಣವೆಂದು ಹೋದೆವು. ನಂದಿಯ ಕಡೆ ಹುಟ್ಟಿ ಹೊಸಕೋಟೆ ಕೆರೆ ಹಾದು ಹೋಗುವ ದಕ್ಷಿಣ ಪಿನಾಕಿನಿ ಇಲ್ಲಿಗೇ ಬಂದು ಸೇರುತ್ತದೆ. ಚಿಕ್ಕವನಿದ್ದಾಗ, ನಮ್ಮ ಕೆರೆಯಲ್ಲಿ ಬಿಟ್ಟ ಕಾಗದದ ದೋಣಿ ಅತ್ತೆಯ ಊರು ಸೇರುತ್ತದೆ ಎಂದು ಅಜ್ಜಿ ಹೇಳಿದ್ದನ್ನು ನಂಬಿದ್ದೆ. ದಾರಿಯಲ್ಲಿ ಬೆಂಗಳೂರಿನ ಕೊಳಚೆ ಕೂಡಿಕೊಂಡು ಈಗ ನೊರೆ ಆಳೆತ್ತರ ಏಳುತ್ತದೆ. ಕೆಳಗಿನ ಸೇತುವೆಯ ಮೇಲೆ ಗಾಳಿಗೆ ಹಾರಿದ ನೊರೆ ಕಾರಿನ ಗಾಜಿಗೆ ಬಡಿದು ಹರಡಿತು. ಹುಡುಗ ವೈಪರ್ ಹಾಕಿದ.

ಆಮೇಲೆ, ಬೆಳಗಿನಿಂದ ಒಂದೂ ಕನ್ನಡ ಪದ ಆಡದವನು, ನಿಧಾನವಾಗಿ ಪದ ಹುಡುಕಿ ಹೇಳಿದ: "ಇದು ನಿಮ್ಮ ಊರಿಂದ ಬರೋದು, ಮಾಮ."